ರಫೀಕ್ ಸಾಯುವುದಿಲ್ಲ

ಗುಟ್ಟು ಮಾಡುವುದಕ್ಕೂ ಒಂದು ಯೋಗ್ಯತೆ ಬೇಕು. ಕೆಲವರು ಹತ್ತು ವರ್ಷ ಒಂದು ವಿಷಯವನ್ನು ಹೊಟ್ಟೆಯಲ್ಲಿಟ್ಟುಕೊಂಡು, ಮುಖದಲ್ಲಿ ಏನೂ ತೋರಿಸದೆ ತಿರುಗಾಡುತ್ತಾರೆ. ನನಗೆ ಆ ಭಾಗ್ಯವಿಲ್ಲ. ಚಿಕ್ಕಂದಿನಲ್ಲಿ ಬೆಲ್ಲ ಕದ್ದ ದಿನ ಅಮ್ಮ ಕೇಳುವ ಮೊದಲೇ ‘ನಾನು ಬೆಲ್ಲದ ಡಬ್ಬಿ ಮುಟ್ಟಲೇ ಇಲ್ಲ’ ಎಂದು ಹೇಳಿ ಸಿಕ್ಕಿಬೀಳುತ್ತಿದ್ದೆ. ಇಂಥವನು ಐವತ್ತೆರಡನೆಯ ವಯಸ್ಸಿನಲ್ಲಿ ಹೆಂಡತಿಯಿಂದ ಒಂದು ಗುಟ್ಟನ್ನು ಹನ್ನೊಂದು ದಿನ ಮುಚ್ಚಿಟ್ಟೆ ಎಂದರೆ ಅದನ್ನು ಸಾಧನೆ ಎಂದೇ ಹೇಳಬೇಕು. ತೊಂದರೆಯಾದದ್ದು ಹನ್ನೆರಡನೆಯ ದಿನ.

ಮಣಿಪಾಲದಲ್ಲಿ ನನ್ನ ಶಾಲೆಯ ಗೆಳೆಯ ಅಶ್ರಫನದ್ದೊಂದು ಬೈಂಡಿಂಗ್ ಅಂಗಡಿ ಇದೆ. ಸಂಶೋಧನೆ ಮಾಡುವ ಮಕ್ಕಳು ತಮ್ಮ ಪ್ರಬಂಧಗಳನ್ನು ಅಲ್ಲಿಗೆ ತರುತ್ತಾರೆ. ನಾನು ಕಂಪ್ಯೂಟರಿನಲ್ಲಿ ಪುಟ ಜೋಡಿಸುತ್ತೇನೆ, ಶಿರ್ವದ ಸೆವ್ರಿನ್ ಬಾಯಿ ತಪ್ಪು ಹುಡುಕುತ್ತಾರೆ, ಮಲ್ಪೆಯ ದಿನೇಶ ರಟ್ಟು ಹಾಕಿ ಅದರ ಮೇಲೆ ಬಂಗಾರದ ಬಣ್ಣದ ಅಕ್ಷರ ಒತ್ತುತ್ತಾನೆ. ಅಶ್ರಫ್ ಎದುರಿನ ಮೇಜಿನಲ್ಲಿ ಕೂತು, ಇನ್ನೇನು ಅತ್ತೇಬಿಡುತ್ತಾರೆ ಎನ್ನುವಂತಿರುವ ವಿದ್ಯಾರ್ಥಿಗಳಿಗೆ “ಆಗ್ತದೆ, ನಾಳೆ ಆಗ್ತದೆ” ಎಂದು ಧೈರ್ಯ ಹೇಳುತ್ತಾನೆ. ಮಧ್ಯಾಹ್ನ ನಾಲ್ವರೂ ಹಿಂದಿನ ಕೋಣೆಯಲ್ಲಿ ಬುತ್ತಿ ಬಿಚ್ಚುತ್ತೇವೆ. ಅಲ್ಲಿ ಚರ್ಚೆಯಾಗದ ವಿಷಯವಿಲ್ಲ. ಯಾವ ನಟ ತಲೆಗೆ ಬಣ್ಣ ಹಾಕುತ್ತಾನೆ, ಬಂಗುಡೆಗೆ ಹುಳಿ ಎಷ್ಟಿರಬೇಕು, ಯಾರ ಮದುವೆಯಲ್ಲಿ ವರ ನಗಲೇ ಇಲ್ಲ, ಎಲ್ಲವೂ ಬರುತ್ತದೆ. ದಿನೇಶನಿಗೆ ಮೂವತ್ತನಾಲ್ಕು, ಮದುವೆಯಾಗಿಲ್ಲ. ಹಾಗಾಗಿ ದಾಂಪತ್ಯದ ಬಗ್ಗೆ ಸಲಹೆ ಕೊಡುವ ಕೆಲಸ ಹೆಚ್ಚಾಗಿ ಅವನದ್ದೇ.

ಇನ್ನು ಮನೆಯ ವಿಷಯ. ಮಗಳು ಓದಲು ಹಾಸ್ಟೆಲ್ ಸೇರಿದ ಮೇಲೆ ಕಾಪುವಿನ ನಮ್ಮ ಮನೆಯಲ್ಲಿ ನಾನು ಮತ್ತು ಶಶಿ ಇಬ್ಬರೇ. ಶಶಿ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಸಂಜೆ ಏಳೂವರೆಗೆ ಮೆಷಿನ್ ನಿಲ್ಲಿಸಿದರೆ, ಇಬ್ಬರೂ ಏನು ಮಾತಾಡಬೇಕೆಂದು ತೋಚದೆ ಕೂರುವಂತಾಗಿತ್ತು. ಆಗ ಮಗಳೇ ಟಿವಿಯಲ್ಲಿ ಒಂದು ಕೊರಿಯಾದ ಧಾರಾವಾಹಿ ಹಾಕಿಕೊಟ್ಟು ಹೋದಳು. ಬಂದರಿನಲ್ಲಿ ಊಟದ ಅಂಗಡಿ ಇಟ್ಟ ಹುಡುಗಿ, ಅವಳನ್ನು ಮೆಚ್ಚಿದ ಒಬ್ಬ ಹಡಗಿನವ. ಅವರ ಹೆಸರುಗಳು ನಮ್ಮ ನಾಲಗೆಗೆ ಒಗ್ಗಲಿಲ್ಲ. ಕಾರ್ಕಳದಲ್ಲಿ ತನಗೆ ಗಣಿತ ಹೇಳಿಕೊಟ್ಟ ಮೇಷ್ಟ್ರ ಹಾಗೆಯೇ ಇದ್ದಾನೆ ಎಂದು ಶಶಿ ಆ ಹಡಗಿನವನಿಗೆ ಪ್ರಭಾಕರ ಎಂದು ಹೆಸರಿಟ್ಟಳು. ದಿನಕ್ಕೊಂದು ಕಂತು, ಇಬ್ಬರೂ ಒಟ್ಟಿಗೇ ನೋಡಬೇಕು, ಒಬ್ಬರೇ ಮುಂದೆ ಹೋಗಬಾರದು ಎಂದು ಮಾತಾಯಿತು. ಎಷ್ಟೋ ವರ್ಷಗಳ ನಂತರ ನಾವು ಮತ್ತೆ ಊಟದ ಹೊತ್ತಿನಲ್ಲಿ ಮಾತಾಡತೊಡಗಿದೆವು, ಪ್ರಭಾಕರನ ಕಷ್ಟದ ಬಗ್ಗೆಯೇ ಆಗಲಿ.

ನಾನು ಮೆಚ್ಚಿ ಹೊಗಳಿದ್ದೇ ತಪ್ಪಾಯಿತು. ಕತೆ ಕೇಳಿದ ದಿನೇಶ ಮರುದಿನವೇ ಮೊಬೈಲನ್ನು ಕಾಗದದ ಕಟ್ಟಿಗೆ ಒರಗಿಸಿಟ್ಟು ಅಂಗಡಿಯಲ್ಲೂ ಅದನ್ನು ಶುರು ಮಾಡಿದ. ಮಧ್ಯಾಹ್ನಕ್ಕೆ ಎರಡು ಕಂತು. ನಾಲ್ಕು ದಿನದಲ್ಲಿ ಅವರು ನಮ್ಮನ್ನು ಹಿಡಿದರು, ಐದನೆಯ ದಿನ ದಾಟಿದರು. ಆ ದಿನ ನಾನು ಬುತ್ತಿ ಹಿಡಿದು ಹೊರಗೆ ಹೋಗಬೇಕಿತ್ತು. ಎದ್ದೂ ಆಗಿತ್ತು. ಅಷ್ಟರಲ್ಲಿ ಆ ಹುಡುಗಿ ಒಂದು ಕಾಗದ ಒಡೆದಳು. ಅದರಲ್ಲಿ ಏನಿದೆ ಎಂದು ಸಂಜೆಯವರೆಗೆ ತಿಳಿಯದೆ ಇರಲು ನಾನೇನು ಸಂತನಲ್ಲ. ಕೂತೆ. ಹಾಗೆ ಕೂತವನು ಹನ್ನೊಂದು ದಿನ ಏಳಲಿಲ್ಲ. ಕೆಲಸ ಹೆಚ್ಚಿದ್ದರಿಂದ ಅಂಗಡಿಯಲ್ಲೂ ಆಮೇಲೆ ದಿನಕ್ಕೆ ಒಂದೇ ಕಂತು. ಮಧ್ಯಾಹ್ನ ಮಣಿಪಾಲದಲ್ಲಿ ಕಣ್ಣೊರೆಸಿಕೊಂಡು, ಅದೇ ಕಂತನ್ನು ಸಂಜೆ ಕಾಪುವಿನಲ್ಲಿ ಹೊಸದಾಗಿ ನೋಡುವವನಂತೆ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಅಂಗಡಿಯಲ್ಲಿ ಆ ಹಡಗಿನವನಿಗೆ ಬೇರೆ ಹೆಸರು. ಅಶ್ರಫನ ಭಾವ ರಫೀಕ್ ಗಲ್ಫಿಗೆ ಹೋಗುವಾಗ ಹೀಗೇ ಕೈ ಬೀಸುತ್ತಿದ್ದನಂತೆ, ಅದಕ್ಕೆ ಅವನು ರಫೀಕ್.

ಹನ್ನೆರಡನೆಯ ದಿನ ಸಂಜೆ ಹಡಗಿನವನು ಆಸ್ಪತ್ರೆಯಲ್ಲಿ ಮಲಗಿದ್ದ. ಶಶಿ ಸೆರಗಿನ ತುದಿ ಕಚ್ಚಿಕೊಂಡು ಕಣ್ಣೀರು ಸುರಿಸುತ್ತಿದ್ದಳು. ನನಗೆ ನಿಜಕ್ಕೂ ಕನಿಕರವಾಯಿತು. ಅವಳ ಭುಜದ ಮೇಲೆ ಕೈಯಿಟ್ಟು, “ಹೆದರಬೇಡ, ರಫೀಕ್ ಸಾಯುವುದಿಲ್ಲ” ಎಂದೆ.

ಶಶಿ ಅಳು ನಿಲ್ಲಿಸಿ ಕೇಳಿದಳು, “ರಫೀಕ್ ಯಾರು?”

ನಾನು ಎಲ್ಲವನ್ನೂ ಒಪ್ಪಿಕೊಂಡೆ. ಆಮೇಲೆ ನಡೆದದ್ದನ್ನು ಜಗಳ ಎನ್ನಲಾಗದು. ಅವಳು ಟಿವಿ ಆರಿಸಿ ಮೆಷಿನಿಗೆ ಕೂತಳು, ಅಷ್ಟೆ. ಆದರೆ ನಮ್ಮ ಮನೆಮಾತು ತುಳು. ಅಂದಿನಿಂದ ಶಶಿ ನನ್ನೊಡನೆ ಕನ್ನಡ ಮಾತಾಡತೊಡಗಿದಳು, ಅದೂ ಪಠ್ಯಪುಸ್ತಕದ ಕನ್ನಡ. “ಊಟ ಸಿದ್ಧವಾಗಿದೆ.” “ನಿಮ್ಮ ಅಂಗಿಯನ್ನು ಇಸ್ತ್ರಿ ಮಾಡಿ ಇಡಲಾಗಿದೆ.” ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈ ಮರ್ಯಾದೆಯ ಮುಂದೆ ನನಗೆ ಅನ್ನ ಇಳಿಯಲಿಲ್ಲ.

ಬುತ್ತಿಯ ಹೊತ್ತಿನಲ್ಲಿ ವಿಷಯ ಮುಂದಿಟ್ಟೆ. ದಿನೇಶ ತಕ್ಷಣ ಪರಿಹಾರ ಹೇಳಿದ. “ಮಲ್ಲಿಗೆ ತಕೊಂಡು ಹೋಗಿ ಸದಣ್ಣ. ಶಂಕರಪುರದ್ದೇ ಆಗಬೇಕು. ಹೆಂಗಸರ ಸಿಟ್ಟು ಅಲ್ಲಿಗೆ ಮುಗೀತು.” ತಂದುಕೊಟ್ಟೆ. ಶಶಿ ಎರಡೂ ಕೈಯಲ್ಲಿ ತೆಗೆದುಕೊಂಡು ದೇವರ ಪಟಕ್ಕೆ ಹಾಕಿ, “ಧನ್ಯವಾದಗಳು” ಎಂದಳು. ಅಶ್ರಫ್ ಮರುದಿನ ತಲೆ ಕೊಡವಿದ. “ಹೂ ಎಲ್ಲ ಬೇಡ ಮಾರಾಯ. ಸಿಟ್ಟು ಅಂದ್ರೆ ಗೋಂದಿನ ಹಾಗೆ. ಹಸಿ ಇರುವಾಗ ಮುಟ್ಟಬಾರದು. ನಾಲ್ಕು ದಿನ ಸುಮ್ಮನೆ ಬಿಡು.” ಬಿಟ್ಟೆ. ಒಣಗಿದ ಗೋಂದು ಏನಾಗುತ್ತದೆ ಎಂಬುದು ಇಪ್ಪತ್ತೆರಡು ವರ್ಷ ಬೈಂಡಿಂಗ್ ಅಂಗಡಿಯಲ್ಲಿದ್ದ ನಮ್ಮಿಬ್ಬರಿಗೂ ಗೊತ್ತಿರಬೇಕಿತ್ತು. ಐದನೆಯ ದಿನ ಶಶಿ ತಾನು ಕಾರ್ಕಳದ ಅಕ್ಕನ ಮನೆಗೆ ಹೋಗುವುದಾಗಿಯೂ, ಯಾವಾಗ ಬರುವುದೆಂದು ನಿಶ್ಚಯಿಸಿಲ್ಲವೆಂದೂ ತಿಳಿಸಿದಳು. ‘ನಿಶ್ಚಯಿಸಿಲ್ಲ’ ಎಂಬ ಶಬ್ದ ನಮ್ಮ ಮನೆಯಲ್ಲಿ ಕೇಳಿದ್ದು ಅದೇ ಮೊದಲು.

ಮರುದಿನ ನಾನು ಬುತ್ತಿ ಬಿಚ್ಚಲೇ ಇಲ್ಲ. ಅಷ್ಟು ದಿನ ಸುಮ್ಮನಿದ್ದ ಸೆವ್ರಿನ್ ಬಾಯಿ ಕೇಳಿದರು, “ಅವಳಿಗೆ ಸಿಟ್ಟು ಎಂತದಕ್ಕೆ ಅಂತ ನಿನಗೆ ಗೊತ್ತುಂಟಾ?”

“ಕತೆ ಮೊದಲೇ ಹೇಳಿಬಿಟ್ಟೆನಲ್ಲ ಬಾಯಿ, ಅದಕ್ಕೆ.”

ಬಾಯಿ ಅನ್ನ ಕಲಸುತ್ತಾ ತೀರಿಹೋದ ತಮ್ಮ ಗಂಡನ ಮಾತು ತೆಗೆದರು. ಅದನ್ನು ಅವರು ತೆಗೆಯುವುದು ಅಪರೂಪ. “ಅವರು ಗಲ್ಫಿನಲ್ಲಿ ಇರುವಾಗ ಪ್ರತಿ ಶುಕ್ರವಾರ ಫೋನ್ ಇಟ್ಟುಕೊಂಡು ಒಟ್ಟಿಗೆ ಊಟ ಮಾಡುವುದು ನಮ್ಮ ಕ್ರಮ. ಇಲ್ಲಿ ನಾನು, ಅಲ್ಲಿ ಅವರು. ಊರಿಗೆ ಬಂದ ಮೇಲೆ ಒಂದು ದಿನ ಬಾಯಿ ತಪ್ಪಿ ಹೇಳಿದರು, ಗೆಳೆಯರೊಟ್ಟಿಗೆ ಮೊದಲೇ ಊಟ ಆಗ್ತಿತ್ತಂತೆ. ನನಗೆ ಕೇಳಲಿ ಅಂತ ಖಾಲಿ ಬಟ್ಟಲಿಗೆ ಚಮಚ ಬಡಿಯುತ್ತಾ ಇದ್ದರಂತೆ. ನನಗೆ ಎಷ್ಟು ಬೇಜಾರಾಯಿತು ಗೊತ್ತುಂಟಾ? ಅವರು ಮೊದಲೇ ತಿಂದದ್ದಕ್ಕೆ ಅಲ್ಲ. ಅಷ್ಟು ವರ್ಷ ನಾನು ಒಬ್ಬಳೇ ಉಂಡ ಹಾಗೆ ಆಯಿತಲ್ಲ, ಅದಕ್ಕೆ. ನಿನ್ನ ಹೆಂಡತಿಗೂ ಅದೇ. ಹನ್ನೊಂದು ದಿನ ಅವಳು ಒಬ್ಬಳೇ ಕೂತು ನೋಡಿದ ಹಾಗೆ ಆಯಿತು.”

ಅಶ್ರಫ್ ಎದ್ದು ನನ್ನ ಚೀಲ ತಂದು ತೊಡೆಯ ಮೇಲಿಟ್ಟ. “ಹೋಗು. ಈಗಲೇ ಹೊರಡು.” ಅಂದು ಸಂಜೆಗೆ ಕೊಡಬೇಕಿದ್ದ ಪ್ರಬಂಧಕ್ಕೆ ಇನ್ನೂ ಎಂಬತ್ತು ಪುಟ ಜೋಡಿಸುವುದು ಬಾಕಿಯಿತ್ತು. “ಅದು ನಾವು ಮಾಡ್ತೇವೆ, ನೀವು ಹೊರಡಿ” ಎಂದ ದಿನೇಶ. ಅವನಿಗೆ ಆ ಕೆಲಸದ ಗಂಧವೂ ಇಲ್ಲ. ಆದರೂ ನನ್ನ ಕುರ್ಚಿಯಲ್ಲಿ ಹೋಗಿ ಕೂತೇಬಿಟ್ಟ.

ಮನೆಗೆ ಬಂದಾಗ ಶಶಿ ಚೀಲಕ್ಕೆ ಸೀರೆ ತುಂಬುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು, “ನಿನ್ನೊಬ್ಬಳನ್ನೇ ಕೂರಿಸಿದೆ, ತಪ್ಪಾಯಿತು” ಎಂದೆ. ಬಸ್ಸಿನಲ್ಲಿ ಜೋಡಿಸಿಟ್ಟ ಉಳಿದ ಮಾತೆಲ್ಲ ಮರೆತುಹೋಗಿತ್ತು.

ಅವಳು ಸೀರೆಯ ಮಡಿಕೆ ಸರಿ ಮಾಡಿದಳು. ಆಮೇಲೆ ಹೇಳಿದಳು, “ನಾನು ಅಳುವಾಗ ನೀವು ನನ್ನ ಮುಖ ನೋಡುತ್ತಾ ಇದ್ದಿರಿ. ಪರೀಕ್ಷೆಯ ಕೋಣೆಯಲ್ಲಿ ಮೇಷ್ಟ್ರು ನೋಡುವ ಹಾಗೆ.”

“ನೋಡುತ್ತಿದ್ದದ್ದು ಹೌದು. ಟಿವಿಯಲ್ಲಿ ಏನು ಬರುತ್ತದೆ ಎಂದು ಗೊತ್ತಿತ್ತಲ್ಲ. ನೀನು ಎಲ್ಲಿ ನಗುತ್ತಿ, ಎಲ್ಲಿ ಅಳುತ್ತಿ ಎಂದು ಮಾತ್ರ ಗೊತ್ತಿರಲಿಲ್ಲ.”

“ಇದನ್ನು ದಿನೇಶ ಹೇಳಿಕೊಟ್ಟನೋ?”

“ಅಲ್ಲ. ಇದು ನನ್ನದೇ.”

ಅವಳು ಚೀಲವನ್ನು ಕೆಳಗಿಟ್ಟಳು. ಅಡುಗೆಮನೆಗೆ ಹೋಗಿ ಒಲೆ ಹಚ್ಚಿದ ಸದ್ದು ಕೇಳಿತು. ಅಲ್ಲಿಂದಲೇ “ಚಾ ಬೋಡಾ?” ಎಂದು ತುಳುವಿನಲ್ಲಿ ಕೇಳಿದಳು. ಚಹಾ ಬೇಕೇ ಎಂಬ ಪ್ರಶ್ನೆಗೆ ಕಣ್ಣು ತುಂಬಿಕೊಂಡವರು ಕಾಪುವಿನಲ್ಲಿ ಬೇರೆ ಯಾರಾದರೂ ಇದ್ದಾರೋ, ನಾನರಿಯೆ.

ಕೊನೆಯ ಎರಡು ಕಂತುಗಳನ್ನು ಅಂಗಡಿಯವರೂ ನೋಡಿರಲಿಲ್ಲ. ನನ್ನನ್ನು ಬಿಟ್ಟು ನೋಡಲು ಮನಸ್ಸಾಗಲಿಲ್ಲವಂತೆ. ಅದನ್ನು ಕೇಳಿದ ಶಶಿ ಭಾನುವಾರ ಎಲ್ಲರನ್ನೂ ಮನೆಗೇ ಕರೆದಳು. ದಿನೇಶ ಮಲ್ಪೆಯಿಂದ ಅಂಜಲ್ ಮೀನು ತಂದ, ಅಶ್ರಫ್ ಹೆಂಡತಿಯನ್ನು ಕರೆತಂದ, ಬಾಯಿ ತಮ್ಮ ತೋಟದ ಬಸಳೆ ತಂದರು. ನೀರುದೋಸೆ ತಿಂದು ಎಲ್ಲರೂ ಚಾಪೆಯ ಮೇಲೆ ಕೂತೆವು. ಹಡಗಿನವನು ಪ್ರಭಾಕರನೋ ರಫೀಕನೋ ಎಂಬ ಬಗ್ಗೆ ಕಾಲು ಗಂಟೆ ವಾದವಾಗಿ, ಕೊನೆಗೆ ಮನೆಯೊಡತಿಯ ಹೆಸರೇ ಉಳಿಯಿತು. ಮುಗಿಯುವಾಗ ಎಲ್ಲರಿಗಿಂತ ಹೆಚ್ಚು ಅತ್ತದ್ದು ಅಶ್ರಫ್. ಅವನಿಗೆ ಟವೆಲ್ ಕೊಟ್ಟವಳು ಶಶಿ. ಆ ಚಾಪೆಯ ಮೇಲೆ ಕೂತು ನನಗನ್ನಿಸಿತು, ಇವರಲ್ಲಿ ಇಬ್ಬರ ಸಲಹೆ ಕೇಳಿ ನಾನು ಮನೆ ಮುಳುಗಿಸಿಕೊಳ್ಳುವುದರಲ್ಲಿದ್ದೆ. ಆದರೆ ನನ್ನ ಸಂಕಟವನ್ನು ತಮ್ಮದೆಂದುಕೊಂಡು ದಿನವೂ ತಲೆ ಕೆಡಿಸಿಕೊಂಡವರು ಇವರೇ. ಸರಿಯಾದ ಸಲಹೆ ಹೇಗೋ ಸಿಕ್ಕೀತು, ಇಂಥವರು ಸಿಗುವುದು ಪುಣ್ಯ.

ಕಳೆದ ವಾರ ದಿನೇಶನಿಗೆ ಕಾರ್ಕಳದ ಕಡೆ ಒಂದು ಸಂಬಂಧ ಕೂಡಿಬಂತು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ, “ಸದಣ್ಣ, ಮದುವೆ ಆದಮೇಲೆ ಮುಖ್ಯವಾಗಿ ಎಂತ ನೋಡಿಕೊಳ್ಳಬೇಕು?” ಎಂದು ಕೇಳಿದ. ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. ಸಿಟ್ಟು ಬಂದಾಗ ಅದು ಎಂತದಕ್ಕೆ ಎಂದು ಮೊದಲು ತಿಳಿಯಬೇಕು, ಎದುರಿಗಿರುವವರನ್ನು ಒಂಟಿ ಮಾಡಬಾರದು ಎಂದು ಸುಮಾರು ಅರ್ಧ ಗಂಟೆ ಹೇಳಿದೆ. ಸೆವ್ರಿನ್ ಬಾಯಿ ತಲೆ ತಗ್ಗಿಸಿ ಊಟ ಮಾಡುತ್ತಿದ್ದರು. ಅಶ್ರಫ್ ಕೆಮ್ಮಿದ. ದಿನೇಶ ಮಾತ್ರ ಕಣ್ಣರಳಿಸಿ ಕೇಳಿ, “ಇಷ್ಟೆಲ್ಲ ಗೊತ್ತಿರುವವರು ನೀವು, ಮತ್ತೆ ಅವತ್ತು ಯಾಕೆ ಹಾಗೆ ಒದ್ದಾಡಿದ್ದು?” ಎಂದ.

ನಾನು ಗಂಟಲಿಗೆ ಮೀನಿನ ಮುಳ್ಳು ಸಿಕ್ಕಿದಂತೆ ಮಾಡಿ ನೀರು ಕುಡಿಯಲು ಎದ್ದೆ. ಆ ದಿನ ನನ್ನ ಬುತ್ತಿಯಲ್ಲಿ ಇದ್ದದ್ದು ಬರೀ ಮೊಸರನ್ನ.