ಮೊಸರಿನ ಮನೆತನ

ರೋಣದಲ್ಲಿ ಮೊಸರಿನ ಮನೆತನ ವಿಚಾರಿಸುವ ಮನುಷ್ಯ ಒಬ್ಬರೇ ಇದ್ದಾರೆ, ಅವರೂ ನನ್ನ ಸೋದರಮಾವನೇ ಆಗಬೇಕೇ! ಕಡಲೆ, ಹತ್ತಿ ವ್ಯಾಪಾರದಲ್ಲೇ ಕೂದಲು ಬೆಳ್ಳಗಾದ ಈ ಗೃಹಸ್ಥರು ಈಗ ಪೇಟೆಗೆ ಹೋದರೂ ಧಾರಣೆ ಕೇಳುವುದಿಲ್ಲ, 'ನಿಮ್ಮನ್ಯಾಗ ಹೆಪ್ಪು ಯಾರದು?' ಎನ್ನುತ್ತಾರೆ.

ಇದಕ್ಕೆಲ್ಲ ಕಾರಣ ಅತ್ತೆಯ ಮೈನೋವು. ವರ್ಷಗಟ್ಟಲೆಯಿಂದ ಬೆನ್ನು, ಸೊಂಟ, ತೋಳು ಎಲ್ಲ ನೋವು. ರಿಪೋರ್ಟುಗಳಲ್ಲಿ ಮಾತ್ರ ಏನೂ ಇಲ್ಲ. ಕಡೆಗೆ ಗದಗಿನ ಡಾಕ್ಟರೊಬ್ಬರು, ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಿಗೂ ಇಂಥ ಹಳೆಯ ನೋವಿಗೂ ಸಂಬಂಧ ಇರಬಹುದು, ಇನ್ನೂ ಖಾತ್ರಿಯಿಲ್ಲ, ಗುಳಿಗೆ ಮತ್ತು ನಡಿಗೆ ಬಿಡಬೇಡಿ ಎಂದರಂತೆ. ಮಾವನ ಕಿವಿಗೆ ಬಿದ್ದದ್ದು ಮೊದಲರ್ಧ. ಒಳ್ಳೆಯ ಜೀವಿಗಳು ಒಳ್ಳೆಯ ಮೊಸರಿನಲ್ಲಿರುತ್ತವೆ, ಒಳ್ಳೆಯ ಮೊಸರು ಒಳ್ಳೆಯ ಮನೆಯಲ್ಲಿರುತ್ತದೆ ಎಂದು ತಾವೇ ತೀರ್ಮಾನಿಸಿ ಹೆಪ್ಪು ಬೇಡಲು ಹೊರಟೇಬಿಟ್ಟರು!

ನರಗುಂದಕ್ಕೆ ನನಗೆ ಹೆಣ್ಣು ನೋಡಲು ಹಿರಿಯರೆಂದು ಕರೆದೊಯ್ದರೆ, ಹುಡುಗಿಯನ್ನು ಬಿಟ್ಟು ಊಟದ ಮೊಸರನ್ನು ಮೆಚ್ಚಿ ಅದರ ಮೂರು ತಲೆಮಾರು ಕೇಳಿದರು. ಸಂಬಂಧ ಕುದುರಲಿಲ್ಲ, ಹೆಪ್ಪು ಮಾತ್ರ ರೋಣಕ್ಕೆ ಬಂತು.

ಗಜೇಂದ್ರಗಡದ ಬೀಗರ ಮನೆ ಮುಟ್ಟುವಷ್ಟರಲ್ಲಿ ದೀಪ ಹಚ್ಚಿಯಾಗಿತ್ತು. ದೀಪ ಹಚ್ಚಿದ ಮೇಲೆ ಹೆಪ್ಪು ಹೊರಗೆ ಕೊಡುವುದುಂಟೇ? ಬೀಗತಿ ಕೊಡಲಿಲ್ಲ. ಮಾವ ಹೆಪ್ಪಿಗಾಗಿ ಅಲ್ಲೇ ವಸ್ತಿ ಮಾಡಿ, ಮುಂಜಾನೆ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತರು. ಸಾವಕಾಶ ಹೊಡೆಯಲು ಹೇಳಿ, ಇದರಲ್ಲಿ ಕೋಟಿಗಟ್ಟಲೆ ಜೀವ ಇವೆ ಎಂದರೆ ಕಂಡಕ್ಟರು, 'ಹಂಗಾರ ಅವಕ್ಕೂ ಟಿಕೆಟ್ ತಗೋರಿ' ಎಂದನಂತೆ.

ಪ್ರತಿಯೊಂದು ಹೆಪ್ಪಿನ ಮೊಸರನ್ನೂ ಅತ್ತೆಗೆ ಕೊಡುವ ಮೊದಲು ತಾವೇ ತಿಂದು ನೋಡುತ್ತಾರೆ. ಒಂದು ಸಲ ಹೊಟ್ಟೆ ಕೆಟ್ಟು ದಿನವಿಡೀ ತಂಬಿಗೆ ಹಿಡಿದು ಓಡಾಡಿದರು. ಹೊಸ ಬಾಡಿಗೆಯವರು ಮನೆ ತೊಳೆಯುತ್ತಿದ್ದಾರೆ ಎಂದು ನಮಗೇ ಸಮಾಧಾನ ಹೇಳಿದರು!

ಮೊನ್ನೆ ತಡೆಯಲಾರದೆ ಕೇಳಿದೆ: 'ಮಾಮಾ, ಡಾಕ್ಟರಿಗೇ ಖಾತ್ರಿ ಇಲ್ಲ. ಯಾಕ ಇಷ್ಟು ತ್ರಾಸು?'

ಗಡಿಗೆಗೆ ಒದ್ದೆ ಬಟ್ಟೆ ಸುತ್ತುತ್ತಿದ್ದ ಮಾವ ತಲೆ ಎತ್ತಲಿಲ್ಲ.

'ಖಾತ್ರಿ ಇಲ್ಲ ಅನ್ನೂದು ನನಗೂ ಗೊತ್ತೈತಿ ತಮ್ಮಾ. ರಿಪೋರ್ಟ್ ನೋಡಿ ನಿಮ್ಮ ಅತ್ತಿಗೆ, ನಿನಗ ಏನೂ ಆಗಿಲ್ಲ, ಸೋಗು ಮಾಡಬ್ಯಾಡ ಅಂತ ಇಷ್ಟು ವರ್ಷ ಖಾತ್ರಿಲೇ ಹೇಳಿದಾಂವ ನಾನ.'

ಅಷ್ಟರಲ್ಲಿ ಅತ್ತೆ ಗೋಡೆ ಹಿಡಿದು ಹೊರಗೆ ಬಂದರು. ಮಾವ ಎದ್ದು ಕೈ ಕೊಟ್ಟು, ಇವತ್ತು ಹೇಗಿದೆ ಎಂದು ಕೇಳಿದರು.

'ಇವತ್ತ ಭಾಳ ನೋಯಾಕತ್ತೈತ್ರಿ,' ಎಂದರು ಅತ್ತೆ.

ಆ ಮನೆಯಲ್ಲಿ ಅತ್ತೆ ಅಷ್ಟು ನಿರಾಳವಾಗಿ ಆ ಮಾತು ಆಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಮಾವ ಹೌದೆಂದು ತಲೆಯಾಡಿಸಿ ಅವರನ್ನು ಮೆಲ್ಲಗೆ ಕೂರಿಸಿದರು.