ಮಾವನ ಬಾಯಿಗೆ ಅಡಿಬರಹ

“ಕ್ಯಾಸೆಟ್ಟು ನನ್ನ ಕೈಗೆ ಕೊಟ್ಟು ಸುಮ್ನಿರು. ನಿಮ್ಮಪ್ಪ ಆಡಿದ ಒಂದೊಂದು ಮಾತನ್ನೂ ಅಕ್ಷರ ಮಾಡಿ ಟಿ.ವಿ. ಮೇಲೆ ನಿಲ್ಲಿಸದಿದ್ರೆ ನನ್ನ ಹೆಸರು ಶೀಕ್ವಾಂಗ್ ಅಲ್ಲ!”

ಉಪ್ಪು ಮೂಲಂಗಿ ಸಿಕ್ಕಿಸಿಕೊಂಡಿದ್ದ ಚಾಪ್‌ಸ್ಟಿಕ್ಕನ್ನು ಕತ್ತಿಯಂತೆ ಎತ್ತಿ ಹಿಡಿದು ಶೀಕ್ವಾಂಗ್ ಘೋಷಿಸಿದ. ಅವನು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳುವ ಮೇಷ್ಟ್ರು.

“ಅನ್ನದ ಕುಕ್ಕರ್ ರಿಪೇರಿ ಮಾಡ್ತೀನಿ ಅಂದಾಗಲೂ ಚಾಪ್‌ಸ್ಟಿಕ್ ಹೀಗೇ ಎತ್ತಿದ್ರಿ. ಆಮೇಲೆ ಹೊಸ ಕುಕ್ಕರ್ ಬಂತು,” ಎಂದಳು ಹೆಂಡತಿ ಯೂಚಿನ್. “ಅಪ್ಪನ ಬದಲಿಗೆ ಹೊಸಬರನ್ನ ತರೋಕಾಗಲ್ಲ, ನೆನಪಿರಲಿ.”

ನಡೆದದ್ದಿಷ್ಟು. ತೈವಾನಿನ ಶಿನ್‌ಪು ಊರಿನಲ್ಲಿರುವ ಅತ್ತೆಯ ಮನೆಯ ಬೀರು ಚೊಕ್ಕಟ ಮಾಡುವಾಗ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಹಳೆಯ ಕ್ಯಾಮೆರಾ ಕ್ಯಾಸೆಟ್ಟೊಂದು ಸಿಕ್ಕಿತ್ತು. ಹಾಕಿ ನೋಡಿದರೆ, ತೀರಿಹೋದ ಮಾವ! ಅಂಗಳದ ತುಂಬ ಬಿದಿರು ತಟ್ಟೆಗಳಲ್ಲಿ ಪರ್ಸಿಮನ್ ಹಣ್ಣು ಒಣಗುತ್ತಿದೆ, ದೂರದಲ್ಲಿ ಅತ್ತೆ ಲ್ಯೆನ್‌ಮೇ ಬೆನ್ನು ತಿರುಗಿಸಿ ಹಣ್ಣು ಮಗುಚುತ್ತಿದ್ದಾರೆ, ಮಾವ ಕ್ಯಾಮೆರಾದ ಮುಂದೆ ನಿಂತು ಕೈ ಬೀಸಿ ಬೀಸಿ ಮಾತಾಡುತ್ತಿದ್ದಾರೆ. ಈಗ ಅತ್ತೆಗೆ ಕಿವಿ ಒಂದಿಷ್ಟೂ ಕೇಳಿಸದು. ಟಿ.ವಿ.ಗೆ ಮೂಗು ತಾಗುವಷ್ಟು ಹತ್ತಿರ ಕೂತು ಗಂಡನ ಬಾಯನ್ನೇ ನೋಡಿದ ಮುದುಕಿ, “ಇಷ್ಟುದ್ದ ಏನು ಹೇಳ್ತಿದಾರೆ ಇವರು?” ಎಂದು ಕೇಳಿದ್ದರು. ಆ ಪ್ರಶ್ನೆಗೆ ಮನೆಯವರೆಲ್ಲ ಕಣ್ಣೊರೆಸಿಕೊಂಡರು. ಶೀಕ್ವಾಂಗ್ ಮಾತ್ರ ತೋಳೇರಿಸಿದ!

ಮೊದಲು ಅವನು ಕೆಲಸವನ್ನು ಕಂಪ್ಯೂಟರಿಗೆ ವಹಿಸಿದ. ಮಾತು ಕೇಳಿ ತಾನೇ ಬರೆದುಕೊಳ್ಳುವ ಹೊಸ ತಂತ್ರಾಂಶ. ಅದಕ್ಕೆ ಬರುವುದು ಶಾಲೆಯ ಚೀನೀ ಭಾಷೆ. ಮಾವ ಆಡುತ್ತಿದ್ದದ್ದು ಮನೆಮಾತಾದ ಹಕ್ಕಾ. ದಕ್ಷಿಣದ ತೈನಾನ್ ಊರಿನಿಂದ ಬಂದ ಶೀಕ್ವಾಂಗನ ಹಕ್ಕಾ ಕೂಡ ‘ಊಟ’, ‘ಸಾಕು’, ‘ಅಯ್ಯೋ’ ಬಿಟ್ಟು ಮುಂದೆ ದಾಟಿರಲಿಲ್ಲ. ಕುರುಡನಿಗೆ ಕುರುಡ ದಾರಿ ತೋರಿದಂತಾಯಿತು.

“ಬಾರೇ, ಬಾ! ನಿಮ್ಮಪ್ಪ ಮಾತಾಡಿದ್ರು!”

ಯೂಚಿನ್ ಕೈ ಒರೆಸಿಕೊಂಡು ಓಡಿ ಬಂದಳು. ತಂದೆಯ ಮುಖದ ಕೆಳಗೆ ಸ್ಪಷ್ಟವಾಗಿ ಬರೆದಿತ್ತು: ‘ತಿಮಿಂಗಿಲವು ಷೇರುಪೇಟೆಯನ್ನು ನುಂಗಿತು. ಚಿಕ್ಕಪ್ಪನನ್ನು ಬೇಯಿಸಿ.’

“ಅಪ್ಪ ಬದುಕಿದ್ದಾಗ ಇಷ್ಟು ಕುಡಿದಿರಲಿಲ್ಲ ಕಣ್ರೀ,” ಎಂದು ಅವಳು ಒಳಗೆ ಹೋದಳು.

ಕೊನೆಗೆ ಅವಳನ್ನೇ ಕಾಡಿ ಬೇಡಿ ಕೂರಿಸಿಕೊಂಡ. ಅವಳು ಕೇಳಿ ಹೇಳುವುದು, ಅವನು ಬರೆಯುವುದು, ಪ್ರತಿ ಸಾಲಿಗೂ ಯಾವಾಗ ಮೂಡಬೇಕು, ಯಾವಾಗ ಮಾಯವಾಗಬೇಕು ಎಂದು ಹೊತ್ತು ಗುರುತಿಸುವುದು. ಎಲ್ಲ ಮುಗಿಸಿ ಹಾಕಿ ನೋಡಿದರೆ ಇನ್ನೊಂದು ಗ್ರಹಚಾರ! ಹಳೆಯ ಕ್ಯಾಸೆಟ್ಟು ಕಂಪ್ಯೂಟರಿಗೆ ಇಳಿಯುವಾಗ ಅಲ್ಲಲ್ಲಿ ಚೂರು ಚೂರು ನುಂಗಿಕೊಂಡಿತ್ತು. ಅವನು ಹೊತ್ತು ಗುರುತಿಸಿದ್ದು ಕ್ಯಾಸೆಟ್ಟನ್ನು ನೋಡಿ. ಹಾಗಾಗಿ ಚಿತ್ರ ಮುಂದೆ ಓಡಿತು, ಅಕ್ಷರ ಏದುಸಿರು ಬಿಡುತ್ತ ಹಿಂದೆ ಬಂತು. ಮಾವ ಮಾತು ಮುಗಿಸಿ ಬಾಯಿ ಮುಚ್ಚಿದ ಮೇಲೆ, ಅಂಗಳ ದಾಟುತ್ತಿದ್ದ ಬಾತುಕೋಳಿಯ ಕೊಕ್ಕಿನ ಕೆಳಗೆ ಮೂಡಿತು: ‘ನನ್ನ ಬೋಳುತಲೆ ಚಿತ್ರ ತೆಗೀಬೇಡ ಅಂದೆನಲ್ಲ!’

“ಇದು ಬಾತುಕೋಳಿಯಲ್ಲ, ಮಾತುಕೋಳಿ!” ಯೂಚಿನ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನಿಗೆ ಅಳು ಬಂತು. ಅಡಿಬರಹ ಬರೆಯಹೊರಟವನ ಹಣೆಬರಹವೇ ಹೀಗೆ! ಸಾಲು ಸಾಲನ್ನೂ ಹಿಡಿದು ಮುಂದಕ್ಕೆ ದೂಡಿದ. ಕಣ್ಣು ಉರಿಯಿತು, ಕತ್ತು ಹಿಡಿಯಿತು. ಒಂದನ್ನು ಸರಿಪಡಿಸಿದರೆ ಅದರ ಕೆಳಗಿನದು ಮುನಿಸಿಕೊಳ್ಳುತ್ತಿತ್ತು.

ಕೊನೆಗೊಮ್ಮೆ ಮಾತು ಬಾಯಿಗೆ ಕೂತಾಗ, ಅಲ್ಲಿಯವರೆಗೆ ಹೊತ್ತನ್ನಷ್ಟೇ ನೋಡುತ್ತಿದ್ದವನು ಮೊದಲ ಸಲ ಅರ್ಥ ನೋಡಿ ಓದಿದ. ಅತ್ತೆ ಅಷ್ಟು ಆಸೆಯಿಂದ ಕಾಯುತ್ತಿದ್ದ ಮಾತುಗಳು ಇವು: ‘ಅವಳಿಗೆ ಟೋಪಿ ಹಾಕ್ಕೋ ಅಂತ ಯಾರಾದ್ರೂ ಹೇಳಿ. ನಾ ಹೇಳಿದ್ರೆ ಕೇಳಲ್ಲ, ಎಮ್ಮೆ. ಬಿಸಿಲಿಗೆ ಬಿದ್ರೆ ನನಗೆ ಅನ್ನ ಹಾಕೋರು ಯಾರು?’

ಇದನ್ನು ಆ ಮುದುಕಿಗೆ ತೋರಿಸುವುದೇ! ಪಾಪ, ಎಮ್ಮೆ ಎನ್ನಿಸಿಕೊಳ್ಳಲು ಇಷ್ಟು ದಿನ ಕಾದರೇ? ಯೂಚಿನ್‌ಗೆ ಹೇಳದೆ ಆ ಸಾಲುಗಳನ್ನು ಅಳಿಸಿ ಹೊಸದಾಗಿ ಬರೆದ. ಬರೆದು ತಾನೇ ಗದ್ಗದಿತನಾದ.

ಹಿರಿಯರ ಸಮಾಧಿ ಗುಡಿಸುವ ದಿನ ಮನೆ ತುಂಬ ನೆಂಟರು. ಸಮಾಧಿಗೆ ಕೈಮುಗಿದು ಬಂದು, ಊಟ ಮುಗಿಸಿ, ಎಲ್ಲರೂ ಟಿ.ವಿ. ಮುಂದೆ ಕೂತರು. ಅತ್ತೆ ಕನ್ನಡಕ ಒರೆಸಿಕೊಂಡರು. ಮಾವ ಕೈ ಬೀಸಿದರು. ಸರಿಯಾದ ಹೊತ್ತಿಗೆ ಅಕ್ಷರ ಮೂಡಿತು: ‘ನನ್ನ ಬಾಳಿನ ಬೆಳಕೇ! ಮುಂದಿನ ಜನ್ಮದಲ್ಲೂ ನೀನೇ ಬೇಕು. ನಿನ್ನ ನಗು ಈ ಹಣ್ಣಿಗಿಂತ ಸಿಹಿ.’

ಕೇಳುವ ಮಾತೊಂದು, ಕಾಣುವ ಅಕ್ಷರವೊಂದು ಎಂದು ನೆಂಟರು ಮುಖ ಮುಖ ನೋಡಿಕೊಂಡರು. ಶೀಕ್ವಾಂಗ್ ಅಭಿನಂದನೆಗಾಗಿ ಕತ್ತು ಮುಂದೆ ಚಾಚಿದ. ಅತ್ತೆ ಎದ್ದು ನಿಂತರು.

“ಕ್ಯಾಮೆರಾ ಹಿಂದೆ ಯಾರಿದ್ದಳು?”

“ಆಂ?”

“ನಾನು ಅಲ್ಲಿ ಬೆನ್ನು ತಿರುಗಿಸಿ ನಿಂತಿದೀನಿ. ಮದುವೆಯಾದ ಮೇಲೆ ಒಂದು ದಿನ ನನಗೆ ಹೀಗಂದವರಲ್ಲ ಇವರು! ಮತ್ತೆ ಇದನ್ನ ಯಾರಿಗೆ ಹೇಳಿದ್ದು?”

ಪಕ್ಕದ ಮನೆಯ ಛ್ಯೂಮೇ ಅಜ್ಜಿಯ ಕೈಯಲ್ಲಿದ್ದ ಚಹಾ ಚೆಲ್ಲಿತು. ಅಂದು ಕ್ಯಾಮೆರಾ ಹಿಡಿದಿದ್ದವರು ಆಕೆಯೇ!

“ಲ್ಯೆನ್‌ಮೇ ಅಕ್ಕಾ, ದೇವರಾಣೆ, ನಾನು ಗುಂಡಿ ಒತ್ತಿದ್ದಷ್ಟೇ!” ಎಂದು ಆಕೆ ಕೂಗಿದ್ದು ಅತ್ತೆಯ ಕಿವಿಗೆ ಎಲ್ಲಿ ಬೀಳಬೇಕು? “ನನ್ನ ಮನೆ ಹಣ್ಣು ತಿಂದವಳೇ!” ಎಂದು ಅತ್ತೆ ಪೊರಕೆ ಹುಡುಕತೊಡಗಿದರು.

ಶೀಕ್ವಾಂಗ್ ದಡಬಡ ಎದ್ದ. ಕಿವಿ ಕೇಳದವರಿಗೆ ಬರೆದೇ ತಿಳಿಸಬೇಕು ಎಂದು ಹೊಳೆದು, ಟಿ.ವಿ.ಗೆ ಜೋಡಿಸಿದ್ದ ಕಂಪ್ಯೂಟರಿನಲ್ಲಿ ಟಕಟಕ ಒತ್ತಿದ. ಒತ್ತಿದ್ದು ನೆಟ್ಟಗೆ ಮಾವನ ಮುಖದ ಕೆಳಗೆ ಬಂತು: ‘ಎಲ್ಲ ನನ್ನದೇ ತಪ್ಪು. ಮುಚ್ಚಿಟ್ಟು ಮೋಸ ಮಾಡಿದೆ. ಕ್ಷಮಿಸಿಬಿಡಿ.’

“ನೋಡಿ, ಒಪ್ಪಿಕೊಂಡ್ರು!” ಅತ್ತೆ ಕುಸಿದು ಕೂತು ಗೊಳೋ ಎಂದು ಅತ್ತರು.

ಯೂಚಿನ್ ಗಂಡನನ್ನು ಪಕ್ಕಕ್ಕೆ ತಳ್ಳಿ, ಬಾಯಲ್ಲಿ ಬೈಗುಳವನ್ನೂ ಕೈಯಲ್ಲಿ ಅಕ್ಷರವನ್ನೂ ಒಟ್ಟೊಟ್ಟಿಗೆ ಉದುರಿಸಿದಳು. ‘ಅಮ್ಮಾ, ಅದು ನಿಮ್ಮ ಅಳಿಯ ಕಟ್ಟಿದ ಸುಳ್ಳು. ಅಪ್ಪ ಅಂದದ್ದು ಇದು.’ ಆಮೇಲೆ ಟೋಪಿ, ಎಮ್ಮೆ, ಬಿಸಿಲು, ಅನ್ನ, ಎಲ್ಲವನ್ನೂ ಇದ್ದಂತೆ ಬರೆದಳು.

ಅತ್ತೆ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದರು. ‘ಎಮ್ಮೆ’ಯ ಹತ್ತಿರ ಬೆರಳು ನಿಂತಿತು. ಮುಖ ಅರಳಿತು.

“ಹಾಂ! ಇವರು ನಮ್ಮವರು,” ಎಂದರು. “ಇನ್ನೊಂದ್ಸಲ ಹಾಕು.”

ಇನ್ನೊಂದು ಸಲ ಹಾಕಿದರು. ಮತ್ತೊಂದು ಸಲ ಹಾಕಿದರು. ಛ್ಯೂಮೇ ಅಜ್ಜಿಯನ್ನು ಕೈಹಿಡಿದು ಪಕ್ಕದಲ್ಲೇ ಕೂರಿಸಿಕೊಂಡು, ಒಣಗಿಸಿದ ಹಣ್ಣು ಮುರಿದು ಕೊಟ್ಟರು. ಆಮೇಲೆ ಮೂಲೆಯಲ್ಲಿ ಮುದುಡಿದ್ದ ಶೀಕ್ವಾಂಗನ ಕಡೆ ತಿರುಗಿದರು.

“ಅಳಿಯಂದ್ರೇ, ಆ ಬಾಳಿನ ಬೆಳಕು ಗೀಳಕು ಎಲ್ಲ ಅಳಿಸಬೇಡಿ. ಅಷ್ಟು ಚೆನ್ನಾಗಿ ಬರೆಯೋಕೆ ಬರುತ್ತಲ್ಲ, ನನ್ನ ಮಗಳಿಗೆ ಒಂದು ದಿನವಾದ್ರೂ ಹೇಳಿ.”

ಶೀಕ್ವಾಂಗ್ ಗಂಟಲು ಸರಿಮಾಡಿಕೊಂಡು ಹೆಂಡತಿಯ ಕಡೆ ನೋಡಿದ.

“ಬೇಡಪ್ಪಾ ಬೇಡ,” ಎಂದಳು ಯೂಚಿನ್. “ಇವರು ಹಾಗಂದ್ರೆ ನಾನೂ ಹಿಂದೆ ತಿರುಗಿ ಯಾರಿದಾಳೆ ಅಂತ ನೋಡ್ಬೇಕಾಗುತ್ತೆ!”