ಚಿಕ್ಕಮ್ಮನ ನೀರಿನ ಸಂಘ

ನನ್ನ ಚಿಕ್ಕಮ್ಮ ಅಖಿಲ ಭಾರತ ಮಟ್ಟದ ಜಲತಜ್ಞೆ ಎಂದರೆ ನೀವು ನಂಬುವುದಿಲ್ಲ. ನಂಬಲೂಬೇಡಿ! ಅನ್ನಕ್ಕೆ ಎಷ್ಟು ನೀರಿಡಬೇಕು ಎಂಬ ವಿಷಯದಲ್ಲೇ ಅವಳಿಗೆ ಈ ವಯಸ್ಸಿನಲ್ಲೂ ಖಚಿತ ಅಭಿಪ್ರಾಯವಿಲ್ಲ. ಒಂದು ದಿನ ಗಂಜಿಯಾದರೆ ಮರುದಿನ ಕಾಗೆ ಓಡಿಸಲು ಎಸೆಯಬಹುದಾದಂಥ ಅನ್ನ. ಆದರೂ ದೇಶದ ದೊಡ್ಡ ದೊಡ್ಡ ಎಂಜಿನಿಯರುಗಳು ಕೊಳಚೆ ನೀರನ್ನು ಶುದ್ಧಮಾಡುವ ಬಗ್ಗೆ ಭಾಷಣ ಮಾಡುವಾಗ, ಮೊದಲ ಸಾಲಿನ ನಟ್ಟನಡುವೆ, ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಮದುವೆಗೆ ಬಂದವಳಂತೆ ಕೂತಿರುವ ಹೆಂಗಸು ಅವಳೇ.

ಅಸಲಿಗೆ ಅದು ಚಿಕ್ಕಪ್ಪನ ಸಂಘ. ಚಿಕ್ಕಪ್ಪ ಉಡುಪಿ ಕಡೆಯಿಂದ ಬಂದು, ನೀರು ಪೂರೈಕೆಯ ಎಂಜಿನಿಯರಾಗಿ ಸರ್ವಿಸು ಮುಗಿಸಿ, ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಪಕ್ಕದ ಫ್ಲ್ಯಾಟಿನಲ್ಲಿ ನೆಲೆಸಿದವರು. ನೀರಿನ ಕೆಲಸದವರಿಗೆಲ್ಲ ಸೇರಿ ಇಡೀ ದೇಶಕ್ಕೆ ಒಂದು ಸಂಘವಿದೆ. ಅದರ ನಮ್ಮ ಭಾಗದ ಶಾಖೆ ತಿಂಗಳಿಗೊಂದು ಶನಿವಾರ ಬೇಲಾಪುರದ ಒಂದು ಸಭಾಂಗಣದಲ್ಲಿ ಉಪನ್ಯಾಸ ಇಡುತ್ತದೆ. ಚಿಕ್ಕಪ್ಪ ಅದರ ಆಜೀವ ಸದಸ್ಯರು. ಮಳೆ ಬರಲಿ, ಲೋಕಲ್ ರೈಲು ನಿಲ್ಲಲಿ, ನೆಂಟರ ಮನೆಯಲ್ಲಿ ಗೃಹಪ್ರವೇಶವಿರಲಿ, ಅವರು ಆ ಶನಿವಾರ ತಪ್ಪಿಸಿದವರಲ್ಲ. ಆಗೆಲ್ಲ ಚಿಕ್ಕಮ್ಮ ಗೇಲಿ ಮಾಡುತ್ತಿದ್ದಳು: "ನೀರಿಗೂ ಒಂದು ಸಂಘವಾ? ನಾಳೆ ಗಾಳಿಗೂ ಒಂದು ಮಾಡಿ! ಅದಕ್ಕೂ ನೀವೇ ಮೆಂಬರ್ ಆಗಿ!"

ಹೋದ ವರ್ಷ ಚಿಕ್ಕಪ್ಪನಿಗೆ ಲಕ್ವ ಹೊಡೆಯಿತು. ಕೈ ನಿಧಾನವಾಗಿ ಸರಿಹೋಯಿತು, ಕೋಲು ಹಿಡಿದು ನಡೆಯುವಂತಾದರು, ಮಾತು ಮಾತ್ರ ಬರಲಿಲ್ಲ. ಬುದ್ಧಿಗೆ ಏನೂ ಆಗಿಲ್ಲ, ಆದರೆ ಮಾತಾಡಿ ಮಾತಾಡಿಯೇ ಮಾತು ಹಿಂದೆ ಬರಬೇಕು, ಬಾಯಿ ಮುಚ್ಚಿ ಕೂತರೆ ಉಳಿದದ್ದೂ ಹೋದೀತು ಎಂದರು ಡಾಕ್ಟರು. ಕಲಿಸಲು ಒಬ್ಬ ಹುಡುಗಿ ಚಿತ್ರದ ಕಾರ್ಡುಗಳನ್ನು ಹಿಡಿದುಕೊಂಡು ಬಂದಳು. "ಅಂಕಲ್, ಯೇ ಕ್ಯಾ ಹೈ?" ಎಂದು ಬಾಳೆಹಣ್ಣು ತೋರಿಸಿದಳು. ಊರಿಗೆಲ್ಲ ನೀರು ಕುಡಿಸಿದ ಮನುಷ್ಯ ಬಾಳೆಹಣ್ಣಿಗೆ ಬಾಯಿ ಬಿಡುತ್ತಾನೆಯೇ? ಚಿಕ್ಕಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿ, ಎದ್ದು ಒಳಗೆ ಹೋಗಿ ಮಲಗಿಬಿಟ್ಟರು.

ಅದಾದ ಮೊದಲ ಸಂಘದ ಶನಿವಾರ ಚಿಕ್ಕಮ್ಮ ರೇಷ್ಮೆ ಸೀರೆ ಉಟ್ಟು, ಚಿಕ್ಕಪ್ಪನನ್ನು ಪಕ್ಕದ ಮನೆಯಾಕೆ ಕುಲಕರ್ಣಿ ಕಾಕುವಿನ ಸುಪರ್ದಿಗೆ ಒಪ್ಪಿಸಿ, "ಇವತ್ತು ನಾನು ಹೋಗಿ ಕೇಳಿಕೊಂಡು ಬರ್ತೇನೆ" ಎಂದು ಹೊರಟೇಬಿಟ್ಟಳು!

ಸಭಾಂಗಣದ ಬಾಗಿಲಲ್ಲಿ ಹೆಸರು ಬರೆದುಕೊಳ್ಳುವ ಹುಡುಗಿ ತಡೆದಳಂತೆ. "ಆಂಟಿ, ಓನ್ಲಿ ಮೆಂಬರ್ಸ್."

"ಮೇರಾ ಹಸ್ಬೆಂಡ್ ಲೈಫ್ ಮೆಂಬರ್ ಹೈ."

"ಪರ್ ವೋ ತೋ ಆಯೇ ನಹೀಂ!" ಅವರು ಬಂದೇ ಇಲ್ಲವಲ್ಲ ಎಂದು ಆ ಹುಡುಗಿ.

"ಲೈಫ್ ಹೈ ನಾ? ಬಸ್!" ಎಂದು ಚಿಕ್ಕಮ್ಮ ಒಳಗೆ ನಡೆದೇಬಿಟ್ಟಳು. ಚಿಕ್ಕಪ್ಪನ ಹಳೆಯ ಗೆಳೆಯರು ಎದ್ದು ಬಂದು ಕುರ್ಚಿ ಕೊಟ್ಟರು. ಅಂದಿನಿಂದ ಅವಳಿಗೆ ಮೊದಲ ಸಾಲು ಖಾಯಂ.

ಉಪನ್ಯಾಸ ಮುಗಿದ ಮೇಲೆ ಪ್ರಶ್ನೆ ಕೇಳುವ ಪದ್ಧತಿ ಇದೆಯಲ್ಲ, ಚಿಕ್ಕಮ್ಮ ಅದನ್ನು ಗಂಭೀರವಾಗಿ ತೆಗೆದುಕೊಂಡಳು. ವಿಷಯ ಯಾವುದೇ ಇರಲಿ, ಅವಳದ್ದು ಒಂದೇ ಪ್ರಶ್ನೆ: "ಯೇ ಡೊಂಬಿವ್ಲಿ ಮೇ ಕಬ್ ಆಯೇಗಾ?" ಇದೆಲ್ಲ ನಮ್ಮ ಡೊಂಬಿವಲಿಗೆ ಯಾವಾಗ ಬರುತ್ತದೆ ಎಂದು. ಒಮ್ಮೆ ದೂರದ ಊರಿನಿಂದ ಬಂದ ದೊಡ್ಡ ಮನುಷ್ಯರೊಬ್ಬರು, ನೆಲದಡಿಯ ಪೈಪು ಎಲ್ಲಿ ಸೋರುತ್ತಿದೆ ಎಂದು ಉಪಗ್ರಹದಿಂದಲೇ ಪತ್ತೆಹಚ್ಚುವುದನ್ನು ಪರದೆಯ ಮೇಲೆ ತೋರಿಸಿದರು. ಚಿಕ್ಕಮ್ಮ ಕೈ ಎತ್ತಿ ತನ್ನ ಪ್ರಶ್ನೆ ಕೇಳಿದಳು. ಅವರು ನಕ್ಕು, "ಮೇಡಂ, ಉಪಗ್ರಹ ಡೊಂಬಿವಲಿಯ ಮೇಲೂ ಹಾದುಹೋಗುತ್ತದೆ" ಎಂದರು. "ಹಾದುಹೋಗುವುದಾದರೆ ಅದಕ್ಕೆ ಕಣ್ಣು ಕಾಣುವುದಿಲ್ಲವೇ? ನಮ್ಮ ಗೇಟಿನ ಎದುರೇ ಸೋರುತ್ತಿದೆ, ಬರಿಗಣ್ಣಿಗೇ ಕಾಣುತ್ತದೆ!" ಎಂದು ಚಿಕ್ಕಮ್ಮ ಹಿಂದಿಯಲ್ಲಿ ಝಾಡಿಸಿದಳು. ಆ ದಿನ ತನಗೆ ಬಿದ್ದಷ್ಟು ಚಪ್ಪಾಳೆ ಉಪಗ್ರಹಕ್ಕೂ ಬಿದ್ದಿರಲಿಲ್ಲ ಎಂದು ಅವಳೇ ಹೇಳುತ್ತಾಳೆ.

ವಿದ್ಯೆ ತಲೆಗೇರಿದ ಮೇಲೆ ಸುಮ್ಮನಿರಲಾದೀತೇ? ಕಲ್ಯಾಣದಲ್ಲಿ ನಮ್ಮ ನೆಂಟರ ಮದುವೆ. ಪಂಕ್ತಿಯಲ್ಲಿ ಕೂತ ಚಿಕ್ಕಮ್ಮ ನೀರಿನ ಲೋಟವನ್ನು ಬೆಳಕಿಗೆ ಹಿಡಿದು, ಮೂಸಿ, ಬಡಿಸಲು ಬಂದ ಅಡುಗೆ ಭಟ್ಟರನ್ನು ನಿಲ್ಲಿಸಿದಳು. "ಭಟ್ರೇ, ಇದರಲ್ಲಿ ಕ್ಲೋರಿನ್ ಎಷ್ಟುಂಟು?"

ಭಟ್ಟರು ಸಾರಿನ ಸೌಟು ಹಿಡಿದುಕೊಂಡೇ ಕೈ ಮುಗಿದರು. "ಅಮ್ಮಾ, ನಾವು ಶುದ್ಧ ಬ್ರಾಹ್ಮಣರ ಅಡುಗೆಯವರು. ಅಂಥದ್ದೆಲ್ಲ ಹಾಕುವುದೇ ಇಲ್ಲ!"

ಆ ಮದುವೆಯಲ್ಲಿ ನಮ್ಮ ಸಾಲಿನವರು ಯಾರೂ ನೀರು ಕುಡಿಯಲಿಲ್ಲ, ಮಜ್ಜಿಗೆಯಲ್ಲೇ ಸುಧಾರಿಸಿದೆವು.

ಇಷ್ಟೆಲ್ಲ ಇದ್ದರೂ ಅವಳ ಪಾಂಡಿತ್ಯದ ನಿಜವಾದ ಪ್ರದರ್ಶನ ನಡೆಯುತ್ತಿದ್ದುದು ಮನೆಯಲ್ಲಿ. ಸಂಘದಿಂದ ಬಂದವಳೇ ಚಿಕ್ಕಪ್ಪನ ಎದುರು ಕುರ್ಚಿ ಎಳೆದು ವರದಿ ಒಪ್ಪಿಸುತ್ತಿದ್ದಳು. ಆ ವರದಿಯೋ, ದೇವರಿಗೇ ಪ್ರೀತಿ! "ಕೆಸರು ನೀರನ್ನು ಮೊದಲು ಮರಳಿನಲ್ಲಿ ಸೋಸ್ತಾರಂತೆ, ಆಮೇಲೆ ಪಟಿಕ ಹಾಕಿ ಕೆಸರು ತಳಕ್ಕೆ ಇಳಿಸ್ತಾರಂತೆ" ಎಂದಳು ಒಂದು ಸಲ. ಸೋಸಿದ ಮೇಲೆ ಇಳಿಯಲು ಕೆಸರೆಲ್ಲಿಂದ ಬರಬೇಕು? ಚಿಕ್ಕಪ್ಪನ ಮುಖ ಕೆಂಪಾಯಿತು. ಕೋಲು ನೆಲಕ್ಕೆ ಕುಟ್ಟಿ, "ಅ... ಅಲ್ಲ! ಮೊದ... ಮೊದಲು ಪಟಿಕ!" ಎಂದರು. "ಹೌದಾ? ಅವರು ಹಾಗೇ ಹೇಳಿದ್ದಪ್ಪ" ಎಂದು ಚಿಕ್ಕಮ್ಮ ವಾದಕ್ಕೆ ನಿಂತಳು. ಪಾಪದ ಮನುಷ್ಯನಿಗೆ ಬಿಪಿ ಏರಿಸುತ್ತಿದ್ದಾಳೆ, ಇವಳನ್ನು ಮೀಟಿಂಗಿಗೆ ಕಳಿಸಬಾರದು ಎಂದು ಖಾರಘರದಲ್ಲಿರುವ ಅವರ ಮಗಳೂ ನಾನೂ ಫೋನಿನಲ್ಲಿ ಮಾತಾಡಿಕೊಂಡದ್ದೂ ಉಂಟು.

ಹೀಗಿರುವಾಗ ಒಂದು ದಿನ ಚಿಕ್ಕಪ್ಪನ ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿದರು. ಚಿಕ್ಕಪ್ಪ ಖುಷಿಯಿಂದ ತಾವೇ ಎತ್ತಿದರು, ಮಾತಾಡಲು ಒದ್ದಾಡಿದರು. ಆ ಕಡೆಯವರು "ಹಲೋ, ಹಲೋ, ನೆಟ್‌ವರ್ಕ್ ಇಲ್ಲ, ಏನೂ ತಿಳೀತಿಲ್ಲ" ಎಂದು ಇಟ್ಟುಬಿಟ್ಟರು. ಅವರ ತಪ್ಪೇನೂ ಇಲ್ಲ. ಚಿಕ್ಕಪ್ಪ ಫೋನನ್ನು ಮೇಜಿನ ಮೇಲೆ ಬೋರಲು ಮಲಗಿಸಿದರು. ಅಂದಿನಿಂದ ಒಂದು ಶಬ್ದವೂ ಇಲ್ಲ. ಹಸಿವಾದರೆ ತಟ್ಟೆ ತೋರಿಸುವುದು, ಬೇಡವಾದರೆ ಕೈ ಆಡಿಸುವುದು, ಅಷ್ಟೇ.

ಮುಂದಿನ ಸಂಘದ ಶನಿವಾರ ಚಿಕ್ಕಮ್ಮ ನನಗೆ ಫೋನ್ ಮಾಡಿ, "ನೀನೂ ಬಾ ಮಗಾ, ಒಬ್ಬಳೇ ಹೋಗ್ಲಿಕ್ಕೆ ಮನಸ್ಸಾಗುದಿಲ್ಲ" ಎಂದಳು. ಯಾರಿಗೂ ಹೆದರದ ಹೆಂಗಸು ಹೀಗೆ ಕರೆದರೆ ಹೋಗದಿರಲಾಗುತ್ತದೆಯೇ? ನಾನು ನನ್ನ ಮನೆಯಿರುವ ಐರೋಲಿಯಲ್ಲಿ ಅವಳು ಬಂದ ಪನ್ವೇಲ್ ಗಾಡಿಯನ್ನೇ ಹತ್ತಿದೆ. ಅಂದಿನ ವಿಷಯ ಸಮುದ್ರದ ನೀರನ್ನು ಸಿಹಿಮಾಡುವುದು. ಪ್ರಶ್ನೆಯ ಹೊತ್ತು ಬಂದಾಗ ಅಧ್ಯಕ್ಷರೇ ನಗುತ್ತಾ ಮೊದಲ ಸಾಲಿನತ್ತ ನೋಡಿದರು. ಚಿಕ್ಕಮ್ಮ ಸೆರಗಿನ ತುದಿ ಸುತ್ತುತ್ತಾ ಸುಮ್ಮನೆ ಕೂತಿದ್ದಳು. ಡೊಂಬಿವಲಿಯ ಹೆಸರೇ ಎತ್ತಲಿಲ್ಲ.

ವಾಪಸು ಬರುವಾಗ ಲೇಡೀಸ್ ಡಬ್ಬಿಯಲ್ಲಿ ಸೀಟು ಸಿಕ್ಕಿತು. ನಾನು ಮೇಷ್ಟರಂತೆ ಶುರು ಮಾಡಿದೆ. "ಚಿಕ್ಕಮ್ಮ, ಇವತ್ತಾದರೂ ಸರಿಯಾಗಿ ಹೇಳು. ಉಪ್ಪುನೀರನ್ನು ತುಂಬ ಜೋರಾಗಿ ಒತ್ತಿ ತೆಳ್ಳಗಿನ ಪೊರೆಯಲ್ಲಿ ದಾಟಿಸ್ತಾರೆ, ಉಪ್ಪು ಈಚೆ ಉಳೀತದೆ. ಗೊತ್ತಾಯ್ತಾ?"

"ಅದು ನನಗೂ ಗೊತ್ತಾಗಿದೆ ಮಾರಾಯ್ತಿ. ನಾನೇನು ಅಲ್ಲಿ ನಿದ್ದೆ ಮಾಡ್ತೇನಾ?"

"ಮತ್ತೆ ಪ್ರತಿ ಸಲ ಎಲ್ಲ ತಲೆಕೆಳಗೆ ಮಾಡಿ ಹೇಳ್ತಿಯಲ್ಲ?"

ಚಿಕ್ಕಮ್ಮ ಕಿಟಕಿಯ ಹೊರಗೆ ನೋಡಿದಳು. "ಮೊದಲ ತಿಂಗಳು ಸರಿಯಾಗಿಯೇ ಹೇಳಿದ್ದೆ. ತಲೆ ಆಡಿಸಿ ಮಲಗಿದ್ರು. ಇನ್ನೊಂದು ತಿಂಗಳು ನಿಜವಾಗಿ ತಪ್ಪಿತು. ಆಗ ಬಾಯಿ ಬಂತು ನೋಡು! ಬೇರೆ ಎಂಥದ್ದಕ್ಕೂ ಬಾಯಿ ಬಿಡುದಿಲ್ಲ, ನೀರಿನ ವಿಷಯ ಯಾರಾದ್ರೂ ತಪ್ಪು ಹೇಳಿದ್ರೆ ಅವರಿಗೆ ತಡೀಲಿಕ್ಕೆ ಆಗುದಿಲ್ಲ. ಇವತ್ತು ಎಂಥ ತಪ್ಪು ಹೇಳುದು ಅಂತಲೇ ಯೋಚನೆ. ಇದಕ್ಕೂ ಬಾಯಿ ಬಿಡದಿದ್ರೆ ನನಗೆ ಬೇರೆ ದಾರಿ ಗೊತ್ತಿಲ್ಲ ಮಗಾ."

ನಾನು ಐರೋಲಿಯಲ್ಲಿ ಇಳಿಯಲಿಲ್ಲ. ಅವಳ ಜೊತೆಗೇ ಡೊಂಬಿವಲಿಗೆ ಹೋದೆ.

ಚಿಕ್ಕಮ್ಮ ಕೈಕಾಲು ತೊಳೆದು ಎಂದಿನಂತೆ ಕುರ್ಚಿ ಎಳೆದಳು. "ಇವತ್ತು ಸಮುದ್ರದ ನೀರಿನ ವಿಷಯ. ಭಾರೀ ಸುಲಭವಂತೆ. ಪಂಚೆಯಲ್ಲಿ ಸೋಸಿದ್ರೆ ಉಪ್ಪು ಹೋಗ್ತದಂತೆ."

ಚಿಕ್ಕಪ್ಪ ಗೋಡೆ ನೋಡುತ್ತಿದ್ದರು.

"ಹಳೇ ಪಂಚೆಯಾದ್ರೆ ಇನ್ನೂ ಒಳ್ಳೇದಂತೆ. ಆ ಉಪ್ಪನ್ನು ಕೊಡವಿ ಉಪ್ಪಿನಕಾಯಿಗೆ ಹಾಕ್ಬಹುದಂತೆ."

ಚಿಕ್ಕಪ್ಪ ಅಲುಗಲಿಲ್ಲ. ಚಿಕ್ಕಮ್ಮನೂ ಬಿಡಲಿಲ್ಲ. "ಇನ್ನು ಪೈಪೂ ಬೇಡವಂತೆ, ಪಂಪೂ ಬೇಡವಂತೆ. ಎಂಜಿನಿಯರುಗಳೂ ಬೇಡವಂತೆ. ಪಂಚೆ ಉಟ್ಟವರು ಒಬ್ಬೊಬ್ಬರೂ ಅವರವರ ನೀರು ಅವರೇ..." ಅಲ್ಲಿಗೆ ಅವಳ ಮಾತು ನಿಂತುಹೋಯಿತು. ತಲೆ ತಗ್ಗಿಸಿ ಕೂತಳು.

ಆಗ ಚಿಕ್ಕಪ್ಪ ಗೋಡೆಯಿಂದ ಕಣ್ಣು ತೆಗೆದು ಅವಳನ್ನು ನೋಡಿದರು. ತುಟಿ ಒದ್ದಾಡಿತು. "ಬೇ... ಬೇಕಂತ..." ಎಂದರು. "ಬೇಕಂತ... ತಪ್ಪು... ಹೇಳುದು... ನೀನು."

ಲಕ್ವ ಹೊಡೆದ ಮೇಲೆ ಅವರ ಬಾಯಿಂದ ಬಂದ ಅತಿ ಉದ್ದದ ಮಾತು ಅದು. ಒಂದೊಂದು ಅಕ್ಷರವೂ ತಿಳಿಯುತ್ತಿತ್ತು. ಅವರಿಗೆ ಎಲ್ಲ ಗೊತ್ತಿತ್ತು! ಯಾವಾಗಿನಿಂದಲೋ ಗೊತ್ತಿತ್ತು. ಗೊತ್ತಿದ್ದೂ ಅವಳಿಗಾಗಿ ಸಿಟ್ಟು ಮಾಡಿಕೊಂಡು, ಅವಳಿಗಾಗಿ ಕೋಲು ಕುಟ್ಟಿದ್ದರು. ಮುಖದ ಅರ್ಧ ಭಾಗಕ್ಕೆ ಮಾತ್ರ ನಗು ಬರುತ್ತದೆ ಅವರಿಗೆ. ಆ ಅರ್ಧ ನಗುತ್ತಿತ್ತು.

ಚಿಕ್ಕಮ್ಮ ರೇಷ್ಮೆ ಸೀರೆಯ ಸೆರಗಿನಿಂದಲೇ ಕಣ್ಣು ಮೂಗು ಎಲ್ಲ ಒರೆಸಿಕೊಂಡಳು. ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದು, ಕಿವುಡಿಯಂತೆ ಕಿವಿಗೆ ಕೈ ಅಡ್ಡ ಹಿಡಿದಳು.

"ಎಂಥ ಹೇಳಿದ್ರಿ? ನನಗೆ ಕೇಳ್ಲಿಲ್ಲ. ಇನ್ನೊಮ್ಮೆ ಹೇಳಿ."

ಚಿಕ್ಕಪ್ಪ ಇನ್ನೊಮ್ಮೆ ಹೇಳಿದರು.